ಒಂದು ಗೇಣು ದಾರ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸು. ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಗ್ಯಾಸಿನ ರೆಗ್ಯುಲೇಟರ್ ತಿರುಗಿಸುವಾಗ ಮುಖ ಆಚೆ ಮಾಡುತ್ತೇನೆ. ಇಂಥವಳು ಹನ್ನೊಂದು ವರ್ಷದಿಂದ ವಿಮಾನದಲ್ಲಿ ಕೆಲಸ ಮಾಡುತ್ತಿದ್ದಾಳೆಂದರೆ ಇಳಕಲ್ಲಿನಲ್ಲಿ ನಮ್ಮ ಅಕ್ಕನ ಓಣಿಯವರು ಕಣ್ಣು ದೊಡ್ಡದು ಮಾಡುತ್ತಾರೆ. "ಮ್ಯಾಲ ಹೋದಾಗ ಕಿವಿ ಮುಚ್ಚತಾವಂತಲ್ಲ, ಖರೆ ಏನ ನೀಲಾ?" ಎಂದು ಕೇಳುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಇವತ್ತಿನವರೆಗೆ ನಾನು ಮೇಲೆ ಹೋಗಿಲ್ಲ ಎಂಬುದನ್ನು ಅವರಿಗೆ ಹೇಳಿಲ್ಲ. ವಿಮಾನ ನೆಲಕ್ಕಿಳಿದು, ಎಂಜಿನ್ ಆರಿ, ಜನರೆಲ್ಲ ಇಳಿದುಹೋದ ಮೇಲೆಯೇ ನನ್ನ ಕೆಲಸ ಶುರು.

ಹೈದರಾಬಾದಿನ ಹೊರಗೆ ವಿಮಾನಗಳ ರಿಪೇರಿಗೆಂದು ಒಂದು ಭಾರೀ ಶೆಡ್ ಇದೆ. ಎಂಜಿನ್ನು, ರೆಕ್ಕೆ, ಗಾಲಿ ನೋಡಿಕೊಳ್ಳುವವರು ಬೇರೆ. ನಮ್ಮದು ಒಳಗಿನ ಸಿಂಗಾರದ ವಿಭಾಗ. ಸೀಟಿನ ಬಟ್ಟೆ, ನೆಲದ ಕಾರ್ಪೆಟ್, ಕಿಟಕಿ ಪಕ್ಕದ ಗೋಡೆಗೆ ಅಂಟಿಸಿದ ಬಣ್ಣದ ಹಾಳೆ, ಊಟ ಬಡಿಸುವವರ ಜಾಗಕ್ಕೂ ಪ್ರಯಾಣಿಕರ ಜಾಗಕ್ಕೂ ನಡುವೆ ತೂಗುವ ಪರದೆ, ಇವೆಲ್ಲ ನಮ್ಮ ಕೈಯಲ್ಲಿ. ಕಾರ್ಪೆಟ್ಟಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ ಎಬ್ಬಿಸುತ್ತೇವೆ. ಮಕ್ಕಳು ಗೋಡೆಯ ಮೇಲೆ ಬರೆದ ಆನೆ, ಒಂಟೆಗಳನ್ನು ಒರೆಸುತ್ತೇವೆ. ಹಾಳೆ ಗುಳ್ಳೆ ಎದ್ದಿದ್ದರೆ ಹದವಾಗಿ ಕಾಯಿಸಿ ಕೂರಿಸುತ್ತೇವೆ. ಜನ ಆಕಾಶದಲ್ಲಿ ಕೂತು ಏನೇನು ಮಾಡುತ್ತಾರೆಂದು ಪೈಲಟ್ಟಿಗಿಂತ ನಮಗೇ ಚೆನ್ನಾಗಿ ಗೊತ್ತು.

ಈ ಕೆಲಸ ನನಗೆ ಬಂದದ್ದು ಅಪ್ಪನಿಂದ. ಬಾಗಲಕೋಟೆಯ ಹಳೇ ಊರಿನಲ್ಲಿ ಅವನದು ಕುಶನ್ ಅಂಗಡಿ. ಬಾದಾಮಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಟೆಂಪೋಗಳ ಸೀಟುಗಳೆಲ್ಲ ಅವನ ಕೈಯಲ್ಲೇ ಹೊಸ ರೆಕ್ಸಿನ್ ಉಡುತ್ತಿದ್ದವು. ಅಣೆಕಟ್ಟಿನ ಹಿನ್ನೀರು ಬಂದಾಗ ಅಂಗಡಿ ನವನಗರಕ್ಕೆ ಎದ್ದುಬಂತು. ಈಗ ಅಣ್ಣ ನಡೆಸುತ್ತಾನೆ. ಅಲ್ಲಿ ಕಲಿತ ಹೊಲಿಗೆಯನ್ನೇ ನಂಬಿ ನಾನು ಹೈದರಾಬಾದಿಗೆ ಹೋದದ್ದು.

ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮೇಲ್ವಿಚಾರಕಿ ಪದ್ಮಜಾ ಮೇಡಂ ಎರಡು ಬಟ್ಟೆ ತುಂಡು ತಂದರು. ಅವರು ರಾಯಚೂರಿನವರು, ಮಾತು ಕಡಿಮೆ. ಒಂದು ತುಂಡು ಬಸ್ಸಿನ ಸೀಟಿನದು, ಇನ್ನೊಂದು ವಿಮಾನದ ಸೀಟಿನದು. ಎರಡನ್ನೂ ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ, ಆಮೇಲೆ ಬೆಂಕಿ ತೆಗೆದರು. ಬಸ್ಸಿನದು ಭಗ್ಗನೆ ಉರಿದು ತೊಟ್ಟಿಕ್ಕಿತು. ವಿಮಾನದ್ದು ಒಂದೆರಡು ಕ್ಷಣ ಮಿಣುಕಿ ತಾನೇ ಆರಿತು.

"ಬಸ್ಸಿಗೆ ಬೆಂಕಿ ಹತ್ತಿದ್ರ ಕೆಳಗ ಜಿಗೀಬಹುದು," ಎಂದರು. "ಅಲ್ಲಿಂದ ಎಲ್ಲಿಗಿ ಜಿಗೀತಿ?"

ನನ್ನ ಪಾಠ ಅಷ್ಟೇ. ವಿಮಾನದೊಳಗೆ ಚಂದಕ್ಕೆಂದು ಹಾಕಿದ ಪ್ರತಿಯೊಂದೂ, ಹೊಲಿದ ದಾರ ಕೂಡ, ಆ ಪರೀಕ್ಷೆ ಪಾಸಾಗಿರಬೇಕು. ತೊಳೆಯುವುದರಲ್ಲೂ ಇದೇ ಕಟ್ಟುನಿಟ್ಟು. ಕೆಲವು ಬಟ್ಟೆಗಳಿಗೆ ಬೆಂಕಿ ತಡೆಯುವ ಮದ್ದು ಹಾಕಿರುತ್ತಾರೆ. ಕಂಡಕಂಡ ಸಾಬೂನಿನಲ್ಲಿ ಅದ್ದಿದರೆ ಕೊಳೆಯ ಜೊತೆಗೆ ಆ ಮದ್ದೂ ಹರಿದುಹೋಗುತ್ತದೆ. ನೋಡಲು ಬಟ್ಟೆ ಮೊದಲಿಗಿಂತ ಲಕಲಕ ಎನ್ನುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಅದೇ. ಹಲ್ಲಿಯಾದರೋ ಗೋಡೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಕಳೆದ ವರ್ಷ ಇಳಕಲ್ಲಿನ ಗಿರಿಜಕ್ಕನ ಮಗಳ ನಿಶ್ಚಯಕ್ಕೆಂದು ನಾಲ್ಕು ದಿನ ರಜೆ ಹಾಕಿದೆ. ಹೊರಡುವ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಜೊತೆಯವಳೊಬ್ಬಳ ಇಳಕಲ್ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದೆ. ಆ ಮೆರೂನ್ ದಾರದ ಉಂಡೆ ನಾನೇ ಮನೆಯಿಂದ ತಂದದ್ದು, ಸಾದಾ ಹತ್ತಿಯದು. ಹೊರಗಿನ ದಾರ ಶೆಡ್ಡಿನೊಳಗೆ ತರಬಾರದು ಎಂಬ ನಿಯಮವಿದೆ. ಫಾಲ್ ಹಚ್ಚುವುದಕ್ಕೆ ನಿಯಮವೇನು ಬಂತು ಎಂದುಕೊಂಡೆ. ಅಷ್ಟರಲ್ಲಿ ಕರೆ ಬಂತು. ಸಂಜೆ ಹೊರಡುವ ವಿಮಾನವೊಂದರ ಪರದೆಯ ಕೆಳಅಂಚು ಒಂದು ಗೇಣು ಬಿಚ್ಚಿಕೊಂಡಿತ್ತು. ಅದೂ ಮೆರೂನ್. ಕೈಗೆ ಸಿಕ್ಕ ಮೆರೂನ್ ಉಂಡೆಯನ್ನು ಮಶೀನಿಗೆ ಹಾಕಿದೆ, ಗರಗರ ಹೊಲಿದೆ, ಪರದೆಯನ್ನು ತೂಗಹಾಕಿದರು. ರಿಜಿಸ್ಟರಿನಲ್ಲಿ ದಾರದ ನಂಬರನ್ನು ನೆನಪಿನಿಂದಲೇ ಬರೆದೆ. ಮೇಜಿನ ಮೇಲುಳಿದ ಉಂಡೆಯನ್ನು ನನ್ನ ಸೂಜಿದಾರದ ಚೀಲಕ್ಕೆ ಹಾಕಿಕೊಂಡು ರೈಲಿಗೆ ಓಡಿದೆ.

ಬಾಗಲಕೋಟೆಯಲ್ಲಿ ಅಣ್ಣನ ಮನೆಯಲ್ಲಿ ಒಂದು ದಿನ ಉಳಿದು, ಮರುದಿನ ಮಧ್ಯಾಹ್ನ ಇಳಕಲ್ಲಿನ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಿತು. ಜನ ಕರದಂಟು ಕೊಳ್ಳಲು ಇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈಚೀಲದ ಹಿಡಿಕೆ ಕಿತ್ತುಬಂದಿತ್ತು.

"ಸೂಜಿ ಐತೇನ ತಂಗಿ?" ಎಂದರು.

ಇಂಥ ಪ್ರಶ್ನೆಗೆ ನಾನು ಕಾದೇ ಇರುತ್ತೇನೆ. ಚೀಲ ತೆಗೆದು, ಮೆರೂನ್ ದಾರ ಪೋಣಿಸಿ, ಹಿಡಿಕೆ ಹೊಲಿದು, ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದೆ. ಅದು ಹರಿಯಲಿಲ್ಲ. ಮತ್ತೊಮ್ಮೆ ಕಡಿದೆ. ಹತ್ತಿಯ ದಾರ ಹೀಗೆ ಜಗ್ಗಾಡುವುದಿಲ್ಲ. ಉಂಡೆಯನ್ನು ತಿರುಗಿಸಿದರೆ ತಳದಲ್ಲಿ ಬಿಳಿ ಚೀಟಿ, ಅದರ ಮೇಲೆ ನಮ್ಮ ಶೆಡ್ಡಿನ ನಂಬರು.

ಚೀಲವನ್ನೆಲ್ಲ ಮಡಿಲಿಗೆ ಸುರಿದುಕೊಂಡೆ. ಇನ್ನೊಂದು ಉಂಡೆ ಇರಲಿಲ್ಲ. ಬೆಂಕಿ ತಡೆಯುವ ದಾರ ನನ್ನ ಮಡಿಲಲ್ಲಿ ಅಮೀನಗಡದಲ್ಲಿತ್ತು. ಫಾಲಿನ ದಾರ ಪರದೆಯ ಅಂಚಿನಲ್ಲಿ ಎಲ್ಲೋ ಆಕಾಶದಲ್ಲಿತ್ತು.

"ಯಾಕವ್ವಾ, ಮುಖ ಬೆಳ್ಳಗಾತಲ್ಲ?" ಎಂದು ಆ ಹೆಂಗಸು ಕರದಂಟಿನ ತುಂಡು ಕೈಗಿಟ್ಟರು. ಬಾಯಿಗೆ ಹಾಕಿಕೊಂಡೆ. ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದೆ.

ಮೊಬೈಲಿನಲ್ಲಿ ಯಾವ ವಿಮಾನ ಎಲ್ಲಿದೆಯೆಂದು ತೋರಿಸುವ ಒಂದು ಆಪ್ ಇದೆ. ಆ ವಿಮಾನದ ಬಾಲದ ಮೇಲಿನ ಅಕ್ಷರಗಳು ನನಗೆ ನೆನಪಿದ್ದವು. ಹಾಕಿ ನೋಡಿದೆ. ಹಳದಿ ಬಣ್ಣದ ಪುಟ್ಟ ವಿಮಾನ ನಕ್ಷೆಯ ಮೇಲೆ ಇರುವೆಯಂತೆ ಹರಿಯುತ್ತಿತ್ತು. ಹುನಗುಂದ ಬರುವವರೆಗೆ ಅದರ ಮೇಲಿಂದ ಕಣ್ಣು ಕೀಳಲಿಲ್ಲ. ಬಸ್ಸು ಹುನಗುಂದದ ಸ್ಟ್ಯಾಂಡಿನಲ್ಲಿ ನಿಂತಾಗ ವಿಮಾನ ಇಳಿಯಿತು, ಉಸಿರು ಬಿಟ್ಟೆ. ಇಳಕಲ್ಲು ಮುಟ್ಟುವಷ್ಟರಲ್ಲಿ ಮತ್ತೆ ಏರಿತ್ತು. ಯಾರೋ ಕದ್ದು ಬೀಡಿ ಸೇದುತ್ತಾರೆ, ಕಿಡಿ ಅಂಚಿಗೆ ತಗಲುತ್ತದೆ, ಬತ್ತಿಯ ಹಾಗೆ ದಾರ ಹತ್ತಿಕೊಳ್ಳುತ್ತದೆ ಎಂದು ಮನಸ್ಸು ಚಿತ್ರ ಬಿಡಿಸುತ್ತಲೇ ಇತ್ತು. ಪರದೆಯ ಪಕ್ಕದ ಸೀಟಿನಲ್ಲಿ ಹಾಲುಗೂಸಿನ ತಾಯಿಯೊಬ್ಬಳನ್ನೂ ಅದೇ ತಂದು ಕೂರಿಸಿತು.

ಅಕ್ಕನ ಮನೆಯಲ್ಲಿ ಮರುದಿನದ ನಿಶ್ಚಯದ ಗದ್ದಲ. ಪಡಸಾಲೆಯ ಮಗ್ಗದಲ್ಲಿ ಅವಳ ಗಂಡ ಈರಣ್ಣ ಮಾಮಾ ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಿದ್ದ. ಇಳಕಲ್ ಸೀರೆಯ ಹೆಚ್ಚುಗಾರಿಕೆಯೇ ಆ ಜೋಡಣೆ. ನಾನು ನೀರು ಕೂಡ ಕುಡಿಯದೆ ಅವನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ.

ಅವನು ಕೈ ನಿಲ್ಲಿಸದೆ ಕೇಳಿದ. "ಒಂದ ಗೇಣ ದಾರಕ್ಕ ಇಮಾನ ಸುಡ್ತದೇನ ನೀಲಾ? ಪರದಿ ಅಂತೂ ನಿಮ್ಮದ ಬಟ್ಟಿ ಐತಿ. ಎರಡ ದಿನಕ್ಕ ಹೋಗ್ತಿ, ಸುಮ್ನ ಬಿಚ್ಚಿ ಹೊಲದ ಬಿಡು. ಯಾರಿಗಿ ಗೊತ್ತಾಗ್ತದ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಏನೂ ಆಗುವುದಿಲ್ಲ ಎಂದು ನನ್ನ ಬುದ್ಧಿಯೂ ಹೇಳುತ್ತಿತ್ತು. ಆದರೆ ಹೆದರಿಕೆ ಬುದ್ಧಿಯ ಮಾತು ಕೇಳುವಂತಿದ್ದರೆ ನಾನು ಲಿಫ್ಟಿನಲ್ಲಿ ಓಡಾಡುತ್ತಿದ್ದೆ. ಹಿತ್ತಲಿಗೆ ಹೋದೆ. ಅಕ್ಕನ ಡಬ್ಬಿಯಲ್ಲಿದ್ದ ಅದೇ ಥರದ ಹತ್ತಿಯ ದಾರದಿಂದ ಒಂದು ತುಂಡು, ಶೆಡ್ಡಿನ ದಾರದಿಂದ ಒಂದು ತುಂಡು ಕತ್ತರಿಸಿ, ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ ಕಡ್ಡಿ ಗೀರಿದೆ. ಶೆಡ್ಡಿನದು ಕರಿಮೊಗ ಮಾಡಿಕೊಂಡು ಆರಿತು. ಹತ್ತಿಯದರ ಮೇಲೆ ಬೆಂಕಿ ಸರಸರನೆ ಏರಿ ತಂತಿ ಮುಟ್ಟಿತು. ತುದಿಯಲ್ಲಿ ಒಂದು ಕೆಂಪು ಚುಕ್ಕೆ ಎಷ್ಟೋ ಹೊತ್ತು ಉಳಿದಿತ್ತು.

ಹಿಂದೆ ಅಕ್ಕ ನಿಂತಿದ್ದಳು. ಕೈಯಲ್ಲಿ ನಿಶ್ಚಯದ ತಟ್ಟೆ.

"ಫೋನ್ ಮಾಡು," ಎಂದಳು.

"ಕೆಲಸ ಹೋಗ್ತದ ಅಕ್ಕಾ. ಹೊರಗಿನ ದಾರ ಒಯ್ದದ್ದು ಒಂದ ತಪ್ಪ, ಹೊಲದದ್ದು ಇನ್ನೊಂದ. ನಂಬರ ಸುಳ್ಳ ಬರದೇನಿ, ಅದ ಎಲ್ಲಾಕಿಂತ ದೊಡ್ಡದು."

"ಹೋದ್ರ ಹೋಗ್ಲಿ. ನಾಳಿ ಹುಡುಗಿಗಿ ಉಡಿ ತುಂಬಾಕಿ ನೀ. ಇದನ್ನ ಮನಸಿನ್ಯಾಗ ಇಟ್ಕೊಂಡು ತುಂಬ್ತಿ ಏನ?"

ಕಡ್ಡಿಪೆಟ್ಟಿಗೆ ಕೆಳಗಿಟ್ಟು ಮೊಬೈಲ್ ತೆಗೆದೆ. ಆಪಿನಲ್ಲಿ ಹಳದಿ ಇರುವೆ ಇನ್ನೂ ಹರಿಯುತ್ತಿತ್ತು. ಅಮೀನಗಡ ಬಿಟ್ಟು ಎರಡು ತಾಸಾಗಿತ್ತು. ಅಷ್ಟು ಹೊತ್ತು ನಾನು ಹೆದರಿದ್ದು ವಿಮಾನದಲ್ಲಿದ್ದವರಿಗಾಗಿಯೋ ನನ್ನ ನೌಕರಿಗಾಗಿಯೋ ಎಂದು ಕೇಳಿಕೊಂಡೆ. ಬಂದ ಉತ್ತರ ಹೇಳಿಕೊಳ್ಳುವಂಥದ್ದಲ್ಲ. ಫೋನ್ ಹಚ್ಚಿದೆ.

ಪದ್ಮಜಾ ಮೇಡಂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮೂರೇ ಮಾತು ಕೇಳಿದರು. ಯಾವ ವಿಮಾನ, ಯಾವ ಪರದೆ, ಎಷ್ಟು ಉದ್ದ. ಹೇಳಿದೆ. ಆಚೆ ಕಡೆ ಪೆನ್ನಿನ ಸದ್ದು ಕೇಳಿಸಿತು.

"ಊರಾಗಿನ ಕಾರ್ಯ ಮುಗಿಸ್ಕೊಂಡು ಬಾ," ಎಂದರು. "ಬಂದ ಮ್ಯಾಲ ಮಾತಾಡೋಣು."

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಗುಳದಲ್ಲಿ ಒಂದು ಮುಕ್ತಾಯವಿರುತ್ತದೆ. "ಮಾತಾಡೋಣು" ಎಂಬುದಕ್ಕೆ ತುದಿಯೇ ಇಲ್ಲ. ಆ ಒಂದು ಶಬ್ದವನ್ನು ಇಟ್ಟುಕೊಂಡು ಎರಡು ದಿನ ಹೆದರಬಹುದು, ನಾನು ಹೆದರಿದೆ ಕೂಡ. ದೀಪ ಹಚ್ಚುವ ಹೊತ್ತಿಗೆ ಅವರಿಂದ ಸಂದೇಶ ಬಂತು. ವಿಮಾನ ಇಳಿದ ಕೂಡಲೇ ಪರದೆ ಬಿಚ್ಚಿಸಿ ಬೇರೆಯದನ್ನು ಹಾಕಿಸಿದ್ದರು. ಅದಕ್ಕಾಗಿ ಮುಂದಿನ ಹಾರಾಟ ತಡವಾಗಿತ್ತು. ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಅಡುಗೆಮನೆಯ ಗೋಡೆಗೆ ಒರಗಿ ಅತ್ತೆ. ಮದುಮಗಳಿಗಾಗಿ ಅಳುತ್ತಿದ್ದಾಳೆಂದು ನೆಂಟರು ತಿಳಿದರು. ನಾನೂ ತಿದ್ದಲು ಹೋಗಲಿಲ್ಲ. ನಿಶ್ಚಯದ ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದಾರೆ. ನಾನೊಬ್ಬಳೇ ಚೇಳು ಕಡಿದವಳ ಹಾಗಿದ್ದೇನೆ.

ಹೈದರಾಬಾದಿಗೆ ಮರಳಿದ ಮೇಲೆ ಮೂವರು ಅಧಿಕಾರಿಗಳ ಮುಂದೆ ಕೂತು ನಡೆದದ್ದನ್ನೆಲ್ಲ ಬರೆದುಕೊಟ್ಟೆ. ನನ್ನ ಹೊಲಿಗೆಯ ತುಂಡನ್ನು ಅವರು ಸುಟ್ಟು ನೋಡಿದ್ದರು. ಇಳಕಲ್ಲಿನ ಹಿತ್ತಲಲ್ಲಿ ಆದದ್ದೇ ಅಲ್ಲಿಯೂ ಆಗಿತ್ತು. ಕೆಲಸ ಉಳಿಯಿತು, ಹೊಲಿಗೆ ಮಶೀನು ಮೂರು ತಿಂಗಳು ದೂರವಾಯಿತು. ಅಷ್ಟು ದಿನ ತೊಳೆಯುವ ತಂಡದಲ್ಲಿ ಖಾಜಾಸಾಬರ ಕೈಕೆಳಗೆ.

ಖಾಜಾಸಾಬರೆಂದರೆ ಇಡೀ ಶೆಡ್ಡಿಗೆ ಹೆದರಿಕೆ. ಕಲಬುರಗಿಯವರು, ನಿವೃತ್ತಿಗೆ ಹತ್ತಿರವಾದವರು. ಒರೆಸಿದ ಗೋಡೆಯ ಮೇಲೆ ಬಿಳಿ ಕರವಸ್ತ್ರ ಆಡಿಸಿ ನೋಡುತ್ತಿದ್ದರು. ಕರವಸ್ತ್ರ ಮಾಸಿದರೆ ಮತ್ತೆ ಮೊದಲಿಂದ. ಹತ್ತು ದಿನ ನನ್ನೊಡನೆ ಕೆಲಸದ ಮಾತಲ್ಲದೆ ಇನ್ನೊಂದು ಆಡಲಿಲ್ಲ. ಹನ್ನೊಂದನೆಯ ದಿನ ನಾನು ಮೊಣಕಾಲೂರಿ ಗಮ್ಮು ಎಬ್ಬಿಸುತ್ತಿದ್ದಾಗ ಬಂದು ಎದುರಿನ ಸೀಟಿನ ಅಂಚಿನಲ್ಲಿ ಕೂತರು. ಅವರು ಸೀಟಿನಲ್ಲಿ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು.

"ಮೇಡಂ ಭಾಳ ಬೈದ್ರೇನವಾ?"

"ಇಲ್ರಿ. ಬೈಲಿಲ್ಲ ಅಂತನ ಹೆಚ್ಚು ಹೆದರಿಕಿ ಆತ್ರಿ."

ಅವರು ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಎರಡು ವರ್ಷದ ಹಿಂದ ಒಂದ್ಸಲ ನಮ್ಮ ಸಾಬೂನು ತೀರಿತ್ತು. ವಿಮಾನ ಹೊಂಡೂ ಹೊತ್ತು. ಒಂದು ಜೋಡಿ ಪರದಿ ಬಜಾರದ ಸೋಡಾಪುಡಿಯಾಗ ತೊಳದ ಕೊಟ್ಟೆ. ಮಸ್ತ್ ಚಂದ ಆದ್ವು, ಎಲ್ಲಾರೂ ಶಾಭಾಸ್ ಅಂದ್ರು. ಅವತ್ತಿಂದ ಹೊಟ್ಯಾಗ ಕಲ್ಲ ಇಟ್ಟಂಗದ. ಅವು ಇನ್ನೂ ಹಾರಾಡ್ಲಿಕತ್ತಾವ."

ನನ್ನ ಕೈಯಲ್ಲಿನ ಮಂಜುಗಡ್ಡೆ ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು. ಎರಡು ತಾಸು ಮೇಡಮ್ಮಗೆ ಹೇಳದೆ ಕೂತದ್ದಕ್ಕೇ ನಾನು ನನ್ನನ್ನು ಎಷ್ಟು ಶಪಿಸಿಕೊಂಡಿದ್ದೆ. ಈ ಮನುಷ್ಯ ಎರಡು ವರ್ಷ ಹೇಗೆ ಉಂಡರು, ಹೇಗೆ ನಿದ್ದೆ ಮಾಡಿದರು?

"ಈಗ ಮೇಡಂ ತಮ್ಮ ಕೋಣ್ಯಾಗ ಅದಾರ್ರಿ," ಎಂದೆ. ಅದಕ್ಕಿಂತ ಜಾಣತನದ ಮಾತು ನನಗೆ ಹೊಳೆಯಲಿಲ್ಲ.

ಅವರು ಎದ್ದು ಅಂಗಿಯನ್ನು ನೀಟು ಮಾಡಿಕೊಂಡರು. ನಾನೂ ಎದ್ದೆ. ಮೇಡಮ್ಮನ ಕೋಣೆಯವರೆಗೆ ಇಬ್ಬರೂ ನಡೆದೆವು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ತಿರುಗಿ, "ನೀ ಒಳಗ ಬರಬ್ಯಾಡ," ಎಂದರು. ಬಾಗಿಲು ತೆರೆಯುತ್ತ, "ಹೋಗಲೂ ಬ್ಯಾಡ," ಎಂದರು.

ಬಾಗಿಲು ಮುಚ್ಚಿತು. ನಾನು ಹೊರಗೆ ಗಮ್ಮು ಕೆರೆಯುವ ಪಟ್ಟಿ ಹಿಡಿದು, ಪಹರೆಯವಳಂತೆ ನಿಂತೆ. ಒಳಗಿಂದ ಅವರ ದನಿ ಮೆಲ್ಲಗೆ ಶುರುವಾಯಿತು. ನಾನು ಹೆದರಿದ್ದೆ, ಈ ಸಲ ಇನ್ನೊಬ್ಬರಿಗಾಗಿ. ಹೆದರುಪುಕ್ಕಲಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆಂಬ ಧೈರ್ಯದ ಮೇಲೆ ಖಾಜಾಸಾಬರಂಥವರು ಒಳಗೆ ಹೋಗಿದ್ದರು. ಹೀಗಿರುವಾಗ ಓಡಿಹೋಗುವುದು ಚೆನ್ನಾಗಿರುವುದಿಲ್ಲವೆಂದು, ಅಲ್ಲೇ ನಿಂತಿದ್ದೆ.