ಪರದೆಯ ಮೇಲೆ ನನ್ನ ಹೆಸರು

ಆ ಸ್ಲೈಡನ್ನು ನಾನು ನೋಡಿದ್ದೆ, ರುದ್ರೇಶ. ಒಂದು ಸಲವಲ್ಲ — ಎರಡು ಸಲ.

ನೀನು ಭದ್ರಾವತಿಯಿಂದ ಶಿವಮೊಗ್ಗದವರೆಗೆ ಸೈಕಲ್ ತುಳಿದು ಬಂದು, ಟಾಕೀಸಿನವರನ್ನು ಕಾಡಿ ಬೇಡಿ, ಗಾಜಿನ ಮೇಲೆ ಬರೆಸಿ ಪರದೆಗೆ ಬಿಡಿಸಿದ್ದು. 'ಭದ್ರಾವತಿಯ ಗಿರಿಜಮ್ಮ ಕೂಡಲೇ ಹೊರಗೆ ಬರುವುದು.' ನಾಯಕಿಯ ಮುಖದ ಮೇಲೆಯೇ ನನ್ನ ಹೆಸರು ಮೂಡಿತು. ನಾನು ಏಳಲಿಲ್ಲ.

ನಿನ್ನ ಅಣ್ಣ ಕೆಟ್ಟವರಲ್ಲ. ಹೊಡೆದವರಲ್ಲ, ಬೈದವರಲ್ಲ. ಆರು ವರ್ಷದ ಸಂಸಾರದಲ್ಲಿ ನನ್ನ ಹೆಸರು ಹಿಡಿದು ಕರೆದವರೂ ಅಲ್ಲ — ಶಿಫ್ಟು, ಊಟ, ನಿದ್ದೆ. ಆ ಚಿತ್ರದಲ್ಲೂ ಅಂಥವನೇ ಒಬ್ಬ ಗಂಡ. ಎದುರುಮನೆಗೆ ಬಾಡಿಗೆಗೆ ಬಂದವನು ಮಾತ್ರ ನಾಯಕಿ ಯಾವತ್ತು ಯಾವ ಹೂ ಮುಡಿದಳೆಂದು ಗಮನಿಸುತ್ತಿದ್ದ. ಆ ನಟನ ಹುಚ್ಚು ಹಿಡಿದಿತ್ತು ನನಗೆ. ಅದು ನಾನು ಮೂರನೆಯ ಸಲ ನೋಡುತ್ತಿದ್ದದ್ದು. ಅವನು ಮೆಲ್ಲಗೆ ಅವಳ ಹೆಸರು ಹೇಳುವ ದೃಶ್ಯ ಇನ್ನೂ ಬಂದಿರಲಿಲ್ಲ.

ಅಡುಗೆಗೆ ಕರೆಯುತ್ತಿದ್ದಾರೆ, ಇನ್ನೇನು ಅಂದುಕೊಂಡೆ. ಅಲ್ಲ — ಹಾಗೆ ಅಂದುಕೊಳ್ಳಬೇಕೆಂದು ಹಟ ಹಿಡಿದೆ. ಎರಡನೆಯ ಸಲ ಹೆಸರು ಮೂಡಿದಾಗ ಇದು ಅಡುಗೆಗಲ್ಲವೆಂದು ಗೊತ್ತಾಯಿತು. ಆದರೂ ಕಾಲು ಮೇಲೇಳಲಿಲ್ಲ. ಯಾಕೆಂದು ಇವತ್ತಿಗೂ...

ಆಟ ಬಿಟ್ಟಾಗ ನೀನು ಹೆಂಗಸರ ಬಾಗಿಲಲ್ಲಿ ನಿಂತಿದ್ದೆ. ನಿನ್ನನ್ನು ಒಳಗೆ ಬಿಟ್ಟಿರಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. ನಿನ್ನ ಮುಖ ನೋಡಿಯೇ ಗಾಬರಿಯಾಗಿ ಅಳುತ್ತಿದ್ದೇನೆಂದು ನೀನು ಅಂದುಕೊಂಡೆ. ನಾನು ಅತ್ತದ್ದು ಆ ನಾಯಕಿಗಾಗಿ.

"ಅಣ್ಣಂಗೆ ಎದೆನೋವು ಅತ್ತಿಗೆ. ಗಿರಿಜಾ, ಗಿರಿಜಾ ಅಂತ ಒಂದೇ ಸಮ ಕರೀತಾ ಇದಾನೆ. ಸ್ಲೈಡ್ ಕಾಣ್ಲಿಲ್ವಾ?"

"ಇಲ್ಲಪ್ಪ, ಕಾಣ್ಲಿಲ್ಲ."

ಸೈಕಲ್ಲನ್ನು ಟಾಕೀಸಿನಲ್ಲೇ ಬಿಟ್ಟು ಬಸ್ಸು ಹತ್ತಿದ ನಾವು ಮನೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಾಯಲ್ಲಿ ನನ್ನ ಹೆಸರನ್ನು ನೀನು ಕೇಳಿದೆ, ನಾನು ಕೇಳಲಿಲ್ಲ. ಕರೆಯಲು ಹೋದವನು ಎಲ್ಲಿ ಕಾಲಹರಣ ಮಾಡುತ್ತಿದ್ದೆ ಎಂದು ಅತ್ತೆ ನಿನ್ನನ್ನೇ ಬೈದರು. ಸಾಯುವವರೆಗೂ ನಿನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಾನು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡೆ.

ಮೊನ್ನೆ ನಿನ್ನ ಮೊಮ್ಮಗಳ ಮದುವೆಗೆ ಕರೆಯಲು ಬಂದಾಗಲೂ ನೀನು ಅದೇ ಮಾತು ಆಡಿದೆ. "ಅವತ್ತು ನಾನು ಬಾಗಿಲು ನೂಕ್ಕೊಂಡು ಒಳಗೆ ಬರ್ಬೇಕಿತ್ತು ಅತ್ತಿಗೆ." ನಾನು ಕಾಫಿ ಲೋಟ ನಿನ್ನ ಮುಂದಿಟ್ಟೆ.

ಮದುವೆ ಮುಗಿಯಲಿ, ಆಮೇಲೆ ಈ ಕಾಗದ ಹಾಕೋಣವೆಂದಿದ್ದೆ — ಬೇಡ, ಇವತ್ತೇ ಹಾಕುತ್ತೇನೆ. ಓದಿದ ಮೇಲೆ ಮದುವೆಗೆ ಬರಬೇಡಿ ಅನ್ನಬೇಕೆನಿಸಿದರೆ ಅನ್ನು. ನೀನು ಬಾಗಿಲು ನೂಕಿ ಒಳಗೆ ಬಂದಿದ್ದರೂ, ಆ ಕತ್ತಲಲ್ಲಿ ನಾನು ತಲೆ ತಗ್ಗಿಸಿ ಅಡಗಿಕೊಳ್ಳುತ್ತಿದ್ದೆ, ರುದ್ರೇಶ.