ಜಪಾನಿನ ಮುದುಕಿ ಕೊಟ್ಟ ಕೊರಡು

ಪಕ್ಕದ ಮನೆಗೆ ಹೊಸ ಬಾಗಿಲು ಕೂರಿಸಲು ಬಡಗಿ ಬಂದಿದ್ದಾನೆ. ಮೊನ್ನೆ ಅವನು ಉಜ್ಜುಗೊರಡಿನಲ್ಲಿ ಮರ ನಯ ಮಾಡುತ್ತಿದ್ದಾಗ ತೆಳುವಾದ ಒಂದು ಸುರುಳಿ ಗಾಳಿಗೆ ಹಾರಿ ನಮ್ಮ ದಾಸವಾಳದ ಕುಂಡಕ್ಕೆ ಬಿತ್ತು. ಎತ್ತಿಕೊಂಡು ಮೂಸಿದೆ. ಎಪ್ಪತ್ತೆರಡು ವರ್ಷದ ಹೆಂಗಸು ಮರದ ಹೊಟ್ಟು ಮೂಸುತ್ತ ನಿಂತರೆ ಯಾರು ಏನೆಂದುಕೊಂಡಾರು? ಬಡಗಿ ಪಾಪ, "ಸಾಗುವಾನಿ ಆಂಟಿ, ಒಳ್ಳೆ ಮಾಲು" ಎಂದ. ಸಾರಿಗೆ ಹಾಕಬಹುದೇ ಎಂದು ಕೇಳಬೇಕೆನಿಸಿತು, ಬಾಯಿ ಮುಚ್ಚಿಕೊಂಡೆ.

ನಗಬೇಡಿ. ಒಂದು ಕಾಲಕ್ಕೆ ಹಾಕಿದವಳೇ ನಾನು. ಮರವೆಂದುಕೊಂಡು ಇನ್ನೇನನ್ನೋ ಹಾಕಿದವಳು ಎನ್ನುವುದು ಸರಿ.

ಎಪ್ಪತ್ತರ ದಶಕ. ಮದುವೆಯಾಗಿ ರಾಜಾಜಿನಗರದ ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ಹೊಲ ಉಳುವ ಪವರ್ ಟಿಲ್ಲರ್ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಆ ಯಂತ್ರದ ಮರ್ಮ ಕಲಿತು ಬರಲೆಂದು ಅವರನ್ನು ನಾಲ್ಕು ತಿಂಗಳು ಜಪಾನಿಗೆ ಕಳಿಸಿದರು. ಬೀದಿ ತುಂಬ ದೀಪ, ಗಾಳಿಯ ಹಾಗೆ ಓಡುವ ರೈಲು ಎಂದೆಲ್ಲ ನಾನು ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ಹೋಗಿ ಇಳಿದದ್ದು ಪುಟ್ಟದೊಂದು ಒಕ್ಕಲುತನದ ಊರಿನಲ್ಲಿ.

"ನಮ್ಮ ಹೊಸಹಳ್ಳಿ ಥರಾನೇ ಕಣೇ," ಎಂದರು ಬಂದ ಮೇಲೆ. "ರಾಗಿ ಹೊಲದ ಬದಲು ಭತ್ತದ ಗದ್ದೆ, ಅಷ್ಟೆ. ಒಂದೇ ಬೀದಿ. ಒಂದು ಕ್ಷೌರದಂಗಡಿ, ಕುಡುಗೋಲು ಮಾರೋ ಅಂಗಡಿ, ಪೋಸ್ಟಾಫೀಸು. ಸಿಪ್ಪೆ ಸುಲಿದ ಹಣ್ಣನ್ನ ದಾರಕ್ಕೆ ಕಟ್ಟಿ ಸೂರಿನ ಕೆಳಗೆ ಒಣಗಿಸ್ತಾರೆ. ಬೀದಿಗೆ ಬೀದೀನೇ ಕಿತ್ತಳೆ ಬಣ್ಣ."

ಅಷ್ಟು ದೂರ ಹೋಗಿ ನನ್ನ ತವರೂರು ಹೊಸಹಳ್ಳಿಯನ್ನೇ ನೋಡಿಕೊಂಡು ಬಂದರಲ್ಲ ಎಂದು ನನಗೆ ಒಳಗೊಳಗೇ ಬೇಸರ.

ಅಲ್ಲಿ ಅವರಿದ್ದದ್ದು ಒಬ್ಬ ಮುದುಕಿಯ ಮನೆಯಲ್ಲಿ. ನಾಟಿ ಮಾಡಿ ಮಾಡಿ ಆಕೆಯ ನಡು ಬಾಗಿಹೋಗಿತ್ತಂತೆ. ನಾವು ಲಿಂಗಾಯತರು, ಮೀನು ಮಾಂಸ ಮುಟ್ಟುವವರಲ್ಲ. ಭಾಷೆ ಬಾರದ ಇವರು ಮೊದಲ ದಿನವೇ ಕಾಗದದ ಮೇಲೆ ಮೀನಿನ ಚಿತ್ರ ಬರೆದು, ಅದಕ್ಕೆ ಅಡ್ಡಗೆರೆ ಎಳೆದು ತೋರಿಸಿದರು. ಮುದುಕಿ ಮೂರು ಸಲ ತಲೆಬಾಗಿ ಇವರ ತಟ್ಟೆಯಿಂದ ಮೀನನ್ನು ತೆಗೆದಳು. ಮರುದಿನದಿಂದ ಅನ್ನ, ಮೂಲಂಗಿ, ಸೊಪ್ಪು, ಒಂದು ಬಟ್ಟಲು ತಿಳಿಸಾರು. ಆ ಸಾರಿಗಾಗಿ ಆಕೆ ಕಪ್ಪಗಿನ ಒಂದು ಕೊರಡನ್ನು, ಬೋರಲು ಹಾಕಿದ ಉಜ್ಜುಗೊರಡಿನಂಥ ಪೆಟ್ಟಿಗೆಯ ಮೇಲೆ ಉಜ್ಜಿ, ಉದುರಿದ ಸುರುಳಿಗಳನ್ನು ಕುದಿಯುವ ನೀರಿಗೆ ಹಾಕಿ ಸೋಸುತ್ತಿದ್ದಳು. ನಮ್ಮ ಚಕ್ಕೆಯ ಹಾಗೆ ಇದೂ ಯಾವುದೋ ಮರದ ತೊಗಟೆ ಇರಬೇಕೆಂದುಕೊಂಡರು ಫಿಟ್ಟರ್ ಸಾಹೇಬರು. ಅಷ್ಟೇ ಅಲ್ಲ, ಪೆಟ್ಟಿಗೆಯ ಅಲಗು ಮೊಂಡಾದಾಗ ತಾವೇ ಕೂತು ಮಸೆದುಕೊಟ್ಟರು. ಹೊರಡುವ ದಿನ ಮುದುಕಿ ಅಂಥದೇ ಒಂದು ಕೊರಡನ್ನು ಬಟ್ಟೆಯಲ್ಲಿ ಸುತ್ತಿ, ನಿನ್ನ ತಾಯಿಗೆ ಎಂದು ಸನ್ನೆ ಮಾಡಿ ಕೊಟ್ಟಳು.

ದಾವಣಗೆರೆ ಕಡೆಯ ನಮ್ಮ ಅತ್ತೆ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಒಂದು ಗುಟುಕು ನೀರನ್ನೂ ಕುಡಿದವರಲ್ಲ. ಹೋಟೆಲಿನ ಕಾಫಿಯನ್ನೂ ನಂಬದವರು. ಆದರೂ ಮಗನಿಗೆ ಅನ್ನ ಹಾಕಿದ ಕೈ ಎಂದು ಆ ಮುದುಕಿಯ ಮೇಲೆ ಅವರಿಗೆ ಎಲ್ಲಿಲ್ಲದ ಪ್ರೀತಿ. ನಾನು ಕೊರಡನ್ನು ಕೆರೆದು ಬೇಳೆಕಟ್ಟಿಗೆ ಹಾಕಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡು, "ಜಪಾನ್ ಸಾರು ಭಾಳ ರುಚಿ ಆಗೇತಿ ನೋಡು" ಎಂದರು. ಅವರು ನನ್ನ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ಆಮೇಲೆ ಬಂದುಹೋದ ನೆಂಟರಿಗೆಲ್ಲ ಅದೇ ಸಾರು.

ಎರಡು ತಿಂಗಳಿಗೆ ಮುದುಕಿಯ ಕಾಗದ ಬಂತು. ಕಾರ್ಖಾನೆಯಲ್ಲಿ ಜಪಾನಿ ಬಲ್ಲ ಎಂಜಿನಿಯರೊಬ್ಬರು ಓದಿ ಹೇಳಿದರಂತೆ. ಸಂಜೆ ಯಜಮಾನರು ನನ್ನನ್ನು ಹಿತ್ತಲಿಗೆ ಕರೆದರು. ಮುಖ ಬಿಳಿಚಿಕೊಂಡಿತ್ತು.

"ಅದು ಮರ ಅಲ್ಲ ಕಣೇ. ಒಣಗಿಸಿದ ಮೀನಂತೆ. ಅಲ್ಲಿಯೋರು ಅದನ್ನ ಮೀನು ಅಂತ ಲೆಕ್ಕಕ್ಕೇ ತಗೊಳಲ್ಲವಂತೆ, ನಮಗೆ ಸಾರಿನಪುಡಿ ಇದ್ದ ಹಾಗೆ. ನಿಮ್ಮ ತಾಯಿಗೆ ಹಿಡಿಸ್ತಾ, ಮುಗಿದಿದ್ರೆ ಇನ್ನೊಂದು ಕಳಿಸ್ಲಾ ಅಂತ ಕೇಳಿದಾಳೆ."

ಅತ್ತೆ ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ವ್ರತ ನನ್ನ ಕೈಯಿಂದ ಕೆಟ್ಟಿತ್ತು. "ಹೇಳೋದು ಬೇಡ, ಅವ್ವ ತಡ್ಕೊಳಲ್ಲ" ಎಂದರು ಅವರು. ಉಳಿದ ತುಂಡನ್ನು ಹಿತ್ತಲಲ್ಲೇ ಹೂತೆವು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಎಂದುಕೊಂಡು ದಿನ ತಳ್ಳಿದೆವು.

ಶ್ರಾವಣದ ಮೊದಲ ಸೋಮವಾರ ಬಂತು. ಅಂದು ಅತ್ತೆಗೆ ಒಪ್ಪತ್ತು, ಒಂದೇ ಹೊತ್ತಿನ ಊಟ. ಪೂಜೆಗೆ ಕೂರುವ ಮುಂಚೆ ಅಡುಗೆಮನೆಗೆ ಬಂದು, "ಇವತ್ತು ಜಪಾನ್ ಸಾರು ಮಾಡವ್ವ. ಲಿಂಗಕ್ಕ ತೋರಿಸಿ ಉಣ್ತೀನಿ" ಎಂದರು. ಮುಗಿದುಹೋಯಿತು ಎಂದಿದ್ದರೆ ಸಾಕಿತ್ತು. ಲಿಂಗದ ಮಾತು ಬಂದ ಮೇಲೆ ನನ್ನ ಬಾಯಿಂದ ಸುಳ್ಳು ಹೊರಡಲಿಲ್ಲ. ಅವರ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

ಅತ್ತೆ ಮತ್ತೊಮ್ಮೆ ತಲೆಗೆ ನೀರು ಹಾಕಿಕೊಂಡು ಬಂದು ಪೂಜೆಗೆ ಕುಳಿತರು. ಮಧ್ಯಾಹ್ನ ದಾಟಿದರೂ ಏಳಲಿಲ್ಲ. ಯಜಮಾನರು ಕೆಲಸ ಮುಗಿಸಿ ಬಂದು, ವಿಷಯ ತಿಳಿದು, ಬಾಗಿಲಲ್ಲೇ ನಿಂತರು. ಆಗ ಅತ್ತೆ ಮಗನತ್ತ ತಿರುಗಿದರು.

"ಆ ಮುದುಕಿಗೆ ಏನಂತ ಬರದಿ?"

"ಇನ್ನೂ ಬರ್ದಿಲ್ಲವ್ವ. ಅದು ಮೀನು ಅಂತ ಮೊದಲೇ ಹೇಳಬಾರದಿತ್ತಾ ಅಂತ ಬರೀತೀನಿ."

"ಸುಮ್ನಿರು. ನಿನ್ನ ತಟ್ಟಿಯಿಂದ ಮೀನ ತೆಗದಾಕಿ ಆಕಿ. ಇದು ಗೊತ್ತಾದ್ರ ಉಣ್ಣಾಕ ಕುಂತಾಗೆಲ್ಲ ನೆನಸ್ಕೊಂಡು ನೊಂದ್ಕೊಂತಾಳ. ಮನಿಮಂದಿಯೆಲ್ಲ ಉಂಡ್ವಿ, ಭಾಳ ರುಚಿ ಇತ್ತು ಅಂತ ಬರಿ. ಅದು ಖರೇನ ಐತಿ." ಪೂಜೆಯಿಂದ ಏಳುತ್ತ, "ಅವ್ವಗ ವಯಸ್ಸಾತು, ಊಟ ಕಡಿಮಿ ಮಾಡ್ಯಾಳ, ಇನ್ನ ಕಳಿಸಬ್ಯಾಡ ಅಂತನೂ ಬರಿ" ಎಂದರು.

ಬರೆಸಿದ್ದು ಸುಳ್ಳಾಗಬಾರದೆಂದೋ, ಪ್ರಾಯಶ್ಚಿತ್ತವೆಂದೋ, ಆ ಶ್ರಾವಣವಿಡೀ ಅವರು ದಿನವೂ ಒಂದೇ ಹೊತ್ತು ಉಂಡರು. ನನಗೆ ಒಂದು ಬಿರುಸು ಮಾತೂ ಅನ್ನಲಿಲ್ಲ.

ಇಷ್ಟು ವರ್ಷ ಈ ಕಥೆಯನ್ನು ನಾನು ನಗಿಸಲಿಕ್ಕೆಂದೇ ಹೇಳುತ್ತ ಬಂದೆ. ಕೊರಡು ಮೀನಾಯಿತು ಎಂದೊಡನೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೊನ್ನೆ ಕುಳಿತು ಯೋಚಿಸಿದರೆ, ಆಗ ಅತ್ತೆಗೆ ಅರವತ್ತೂ ಆಗಿರಲಿಲ್ಲ, ಈಗಿನ ನನಗಿಂತ ಎಷ್ಟೋ ಚಿಕ್ಕವರು. ನನ್ನ ಸೊಸೆ ಇಂಥ ತಪ್ಪು ಮಾಡಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ನಾಲ್ಕು ಬೀದಿಗೆ ಕೇಳಿಸುತ್ತಿತ್ತು. ನಿನ್ನೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಬಾರಿಗೆ, ಅತ್ತೆ ಬರೆಸಿದ ಕಾಗದದವರೆಗೂ ಹೇಳಿದೆ. ಅವಳು ನಗಲಿಲ್ಲ.