ಪಲ್ಲವಿಗೆ ತಿರುಗುವ ಹಾಳೆ

ಬೆಳಗಿನ ಐದೂವರೆ. ಹೈದರಾಬಾದಿನ ನಾರಾಯಣಗುಡಾದ ಹಳೆಯ ಮಠವೊಂದರ ಪಡಸಾಲೆಯಲ್ಲಿ ಹನ್ನೊಂದು ಮಂದಿ ಹೆಣ್ಣುಮಕ್ಕಳು ಭಜನೆಗೆ ಕುಳಿತಿದ್ದಾರೆ. ಎಲ್ಲರ ಮುಂದೆಯೂ ಕಂಪ್ಯೂಟರಿನಲ್ಲಿ ಅಚ್ಚಾದ ಹಾಳೆಗಳಿವೆ: ಮೇಲೆ ಸ್ವರ, ಕೆಳಗೆ ಪದ. ಎದುರಿಗೆ ಕಂಬಕ್ಕೊರಗಿ ಕುಳಿತ ಶಿವದೇವಿ ಮಾತ್ರ ಹಾಡುವುದಿಲ್ಲ. ಕೆಂಪು ಪೆನ್ನು ಹಿಡಿದು ಹಾಡುವವರ ಕಣ್ಣನ್ನೇ ನೋಡುತ್ತಾರೆ. ಯಾರು ಹಾಳೆಯನ್ನು ಮೂಗಿನ ಹತ್ತಿರ ತಂದರು, ಯಾರು ಸಾಲು ತಪ್ಪಿ ಪಕ್ಕದವರ ಬಾಯಿ ನೋಡಿದರು, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಇದೂ ಅವರ ನೌಕರಿಯ ಭಾಗವೇ.

“ಆಫೀಸಿನ್ಯಾಗ ಕುಂತು ನೋಡಿದ್ರ ಎಲ್ಲಾ ಛಂದ ಕಾಣತೈತ್ರಿ. ಬಾಯಿಗೆ ಬಂದಾಗ ಖರೇ ತಿಳೀತೈತಿ,” ಎನ್ನುತ್ತಾರೆ.

ಐವತ್ತೊಂದು ವರ್ಷದ ಶಿವದೇವಿ ಶಹಾಪುರದ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದವರು ನಾಂಪಲ್ಲಿಯ ಛಾಪಖಾನೆಯೊಂದರಲ್ಲಿ ಹದಿನಾರು ವರ್ಷ ಅಕ್ಷರ ಜೋಡಿಸಿದರು. ಮೊದಲು ಸೀಸದ ಅಚ್ಚುಮೊಳೆ, ಆಮೇಲೆ ಕಂಪ್ಯೂಟರು. ಊರಾಚೆಯ ಬಂಡೆಗಳ ನಡುವೆ ಎದ್ದ ಗಾಜಿನ ಕಟ್ಟಡವೊಂದರಿಂದ, ಸಂಗೀತ ಬರೆಯುವ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದು ಅಕ್ಷರದ ಕೆಲಸ ಬಲ್ಲವರನ್ನು ಹುಡುಕುತ್ತಾ ಆ ಛಾಪಖಾನೆಗೇ ಬಂತು. ಸ್ವರದ ಕೆಳಗೆ ಪದ ಕೂರಿಸುವ ಟೂಲ್ ಹೇಗಿರಬೇಕೆಂದು ರೂಪಿಸುವುದು ಈಗ ನಾಲ್ಕು ವರ್ಷಗಳಿಂದ ಅವರ ಕೆಲಸ. ಸ್ವರ ಸರಿದರೆ ಪದವೂ ಜೊತೆಗೆ ಸರಿಯಬೇಕು. ಸ್ವರ ನೀಳವಾದರೆ ಪದದ ಮುಂದೆ ಗೆರೆ ಬೆಳೆಯಬೇಕು. ದಿನಕ್ಕೆ ನಲವತ್ತು ಹಾಳೆಗಳ ಪರೀಕ್ಷೆ. ಹೋಗಿಬರಲು ಲೋಕಲ್ ರೈಲು, ಶೇರ್ ಆಟೊ ಸೇರಿ ಮೂರು ತಾಸು.

ಪತಿ ಅಮರಯ್ಯ ಇದೇ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಎರಡು ವರ್ಷದ ಹಿಂದೆ ಶಿವೈಕ್ಯರಾದರು. ಅವರು ಮಟ್ಟು ಹಾಕಿದ ಹಿಂದಿನ ಕಾಲದ ಮೂವತ್ತೊಂದು ತತ್ವಪದಗಳು ಒಂದು ನೋಟ್‌ಬುಕ್ಕಿನಲ್ಲಿವೆ, ಬರೀ ಸ್ವರಗಳಾಗಿ. ಯಾವ ಸ್ವರಕ್ಕೆ ಯಾವ ಅಕ್ಷರ ಎಂಬುದು ಈ ಹನ್ನೊಂದು ಮಂದಿಯ ಬಾಯಲ್ಲಷ್ಟೇ ಉಳಿದಿದೆ. ಅವರಲ್ಲಿ ಏಳು ಜನ ಎಪ್ಪತ್ತು ದಾಟಿದವರು. ಹೋದವರನ್ನು ಹಿಡಿದಿಡಲು ಯಾರಿಂದಲೂ ಆಗದು. ಅವರು ಬಿಟ್ಟುಹೋದ ನಾದವನ್ನಾದರೂ ಉಳಿಸಬೇಕೆಂದು ಶಿವದೇವಿ ಹೊರಟಿದ್ದಾರೆ. ಬರೆದದ್ದನ್ನು ಈ ಹಿರಿಯರು ಓದಿ, ಹಾಡಿ, ಸರಿ ಎನ್ನಬೇಕು.

“ದೇವರು ಕರಿಯೋದಕ್ಕ ಸರತಿ ಇರಂಗಿಲ್ರಿ. ಅದಕ್ಕ ನನಗ ಅವಸರ.”

ಕಳೆದ ಆಷಾಢದಲ್ಲಿ ಆ ಆಸೆಗೇ ಕುತ್ತು ಬಂದಿತ್ತು. ಪದ ಉದ್ದವಾದರೆ ಅಕ್ಷರ ಕುಗ್ಗಿಸಿ ಹಾಡನ್ನು ಒಂದೇ ಪುಟಕ್ಕೆ ಹಿಡಿಸಬೇಕೆಂಬುದು ತಂಡದ ಮುಖ್ಯಸ್ಥ, ಮೈಸೂರಿನ ಮನೋಜರ ಪಟ್ಟು. ಅಕ್ಷರ ಕುಗ್ಗಬಾರದು, ಸ್ವರಗಳೇ ದೂರ ಸರಿದು ಜಾಗ ಕೊಡಬೇಕೆಂಬುದು ಶಿವದೇವಿಯ ಹಟ. ಶುಕ್ರವಾರದೊಳಗೆ ಬಗೆಹರಿಯದಿದ್ದರೆ ಈ ಸಲದ ಸಾಫ್ಟ್‌ವೇರಿನಲ್ಲಿ ಕನ್ನಡವನ್ನೇ ಕೈಬಿಡುವುದಾಗಿ ಮೇಲಿನವರು ಹೇಳಿಬಿಟ್ಟರು.

“ನಮ್ಮ ಭಜನಿಗೆ ಬನ್ರಿ ಸರ, ಓದೋರs ಹೇಳಲಿ,” ಎಂದು ಶಿವದೇವಿ ಮನೋಜರನ್ನು ಮಠಕ್ಕೆ ಕರೆತಂದರು.

ಮೊದಲು ಮನೋಜರ ಹಾಳೆ. ಭಜನೆಯವರಲ್ಲೇ ಹಿರಿಯರಾದ, ಎಪ್ಪತ್ತೆಂಟರ ಗುಂಡಮ್ಮ, ಕಣ್ಣು ಕಿರಿದು ಮಾಡಿ ನೋಡಿ ಕೆಳಗಿಟ್ಟರು.

“ಏ ತಮ್ಮಾ, ಹಾಡು ಬರದೀಯೋ, ಸಾಸಿವಿ ಚೆಲ್ಲೀದಿಯೋ?”

ಪಡಸಾಲೆಯೆಲ್ಲ ನಕ್ಕಿತು. ಮನೋಜರೂ ನಕ್ಕರು.

ಆಮೇಲೆ ಶಿವದೇವಿಯ ಹಾಳೆ. ಅಕ್ಷರ ದಪ್ಪ, ಪುಟ ಮೂರು. ಗುಂಡಮ್ಮ ಎತ್ತಿದ ಹಾಡು ಎರಡನೆಯ ಚರಣದ ನಡುವೆ ತಟ್ಟನೆ ನಿಂತಿತು. ಸಾಲು ಮುಗಿದಿರಲಿಲ್ಲ, ಪುಟ ಮುಗಿದಿತ್ತು. ಅವರ ಎರಡೂ ಕೈಯಲ್ಲಿ ತಾಳ.

“ಹಾಳಿ ತಿರುವಾಕ ಮೂರನೇ ಕೈ ಎಲ್ಲಿಂದ ತರ್ಲೆವ್ವಾ?”

ಶಿವದೇವಿ ನಗಲಿಲ್ಲ. ಇಷ್ಟು ದಿನ ಕಣ್ಣನ್ನು ನೋಡಿದ್ದರೇ ಹೊರತು ಕೈಯನ್ನು ನೋಡಿರಲಿಲ್ಲ. “ಒಂದs ಪುಟ ಬೇಕಂತ ಮನೋಜ ಸರ್ ಅಂದದ್ದೂ ಖರೇನs ಅನ್ನಿಸಿತ್ರಿ,” ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ.

ಮತ್ತೊಮ್ಮೆ ಹಾಡಲು ಬೇಡಿಕೊಂಡರು. ಈ ಸಲ ಕೈಗಳನ್ನೇ ನೋಡಿದರು. ಚರಣ ಮುಗಿದೊಡನೆ ಎಲ್ಲರೂ ಪಲ್ಲವಿಗೆ ಮರಳುತ್ತಾರೆ. ಪಲ್ಲವಿ ಎಲ್ಲರಿಗೂ ಬಾಯಿಪಾಠ, ಎರಡು ಸಲ ಹೇಳುತ್ತಾರೆ. ಅಷ್ಟರಲ್ಲಿ ಗುಂಡಮ್ಮ ತಾಳವನ್ನು ತೊಡೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡರು. ಹಾಳೆ ತಿರುಗಬೇಕಾದದ್ದು ಅಲ್ಲಿ! ದೇವರು ಕೊಡುವ ಬುದ್ಧಿ ಒಮ್ಮೊಮ್ಮೆ ನಮ್ಮ ತಪ್ಪಿನ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಚರಣವನ್ನು ಒಡೆಯದೆ, ಪಲ್ಲವಿಗೆ ಮರಳುವಲ್ಲಿ ಮಾತ್ರ ಪುಟ ಮುಗಿಸುವ ಏರ್ಪಾಟನ್ನು ಇಬ್ಬರೂ ಕುಳಿತು ಎರಡೇ ದಿನದಲ್ಲಿ ಸಿದ್ಧಮಾಡಿದರು. ಅಕ್ಷರ ದಪ್ಪವಾಗಿಯೇ ಉಳಿಯಿತು. ಗುರುವಾರ ಸಂಜೆ ಮೇಲಿನವರ ಒಪ್ಪಿಗೆ ಬಂತು, ಕನ್ನಡವೂ ಉಳಿಯಿತು.

“ನಮ್ಮ ಟೆಸ್ಟಿಂಗ್ ಟೀಮ್‌ಗಿಂತ ನಿಮ್ಮ ಅಜ್ಜಿಯರೇ ಜೋರು ಬಿಡಿ ಮೇಡಂ,” ಎಂದರಂತೆ ಮನೋಜ.

ಸಾಫ್ಟ್‌ವೇರಿನಲ್ಲಿ ಎಲ್ಲಿ ಹುಡುಕಿದರೂ ಶಿವದೇವಿಯ ಹೆಸರು ಸಿಗುವುದಿಲ್ಲ. ಅದರ ಚಿಂತೆ ಅವರಿಗಿಲ್ಲ. ಅಮರಯ್ಯನವರ ಹತ್ತೊಂಬತ್ತು ಮಟ್ಟುಗಳಿಗೆ ಪದ ಕೂಡಿಬಂದಿದೆ. ಉಳಿದ ಹನ್ನೆರಡು ಮುಗಿಯುವವರೆಗೆ ಈ ಹನ್ನೊಂದು ಮಂದಿಯೂ ಗಟ್ಟಿಯಾಗಿರಲಿ ಎಂಬುದೊಂದೇ ಅವರ ಬೇಡಿಕೆ.

“ಪದ ಹಿಂದಿನ ಹಿರಿಯರದ್ದು, ಮಟ್ಟು ನಮ್ಮ ಮನಿಯವರದು. ಎರಡನ್ನೂ ಜೋಡೀಲೆ ಕುಂದರಿಸಿದ್ದಷ್ಟ ನಂದು,” ಎನ್ನುತ್ತಾರೆ. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ಹಾಕುತ್ತಾ ಮೆಲ್ಲಗೆ ಸೇರಿಸುತ್ತಾರೆ: “ಆದ್ರ ಭಾಳ ಛಲೋ ಕುಂದರಿಸೀನಿ ನೋಡ್ರಿ.”